ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು

ಜುಂಬೆರ್ ಹೇಳಿಕೊಟ್ಟ. ಮೊಬೈಲ್ ರಿಪೇರಿಯವನು,
ನಮ್ಮ ಮೆಟ್ಟಿಲ ಬುಡದಲ್ಲೇ ಅವನ ಅಂಗಡಿ.
"ದುಡ್ಡು ಬೇಡ ಗೋಚಾ, ಬೀಗವೂ ಬೇಡ.
ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಡತವೊಂದಿದೆ,
ಹೋಸ್ಟ್ಸ್ ಅಂತ ಹೆಸರು.
ಯಾರ ಮನೆ ಎಲ್ಲಿ ಅಂತ ಯಂತ್ರ ಮೊದಲು ಕೇಳುವುದು ಅದನ್ನೇ.
ನೀನು ಸುಳ್ಳು ವಿಳಾಸ ಬರೆದಿಡು, ಅಷ್ಟೆ."

ಆತಿಥೇಯರ ಪಟ್ಟಿಯಂತೆ.
ಅದರಲ್ಲಿ ನಾನು ಕದ ಮುಚ್ಚುವುದನ್ನು ಬರೆದೆ.

ಬಂದರಿನ ಕ್ರೇನಿನ ಗೂಡಲ್ಲಿ ಕೂತು
ಕಂಟೇನರು ಎತ್ತಿ ಇಳಿಸುವ ಕೈ ನನ್ನದು.
ಮೇಲಿನಿಂದ ಬಟುಮಿ ಪೂರ್ತಿ ಕಾಣುತ್ತದೆ,
ನಮ್ಮ ಐದನೇ ಮಹಡಿಯ ನೀಲಿ ಬೆಳಕೂ.
ರಾತ್ರಿ ಪಾಳಿಯಿದ್ದರೆ ಅದು ಆರುವುದೇ ಇಲ್ಲ:
ಪಕ್ಕದ ಕೋಣೆಯಲ್ಲಿ ಅಜ್ಜಿಯ ಗೊರಕೆ,
ಈಚೆ, ಪ್ರೆಸ್ಸಿನಡಿ ಕಲ್ಲಂಗಡಿ ಪಚ್ಚೆಂದು ಒಡೆಸುವವನು,
ಸೋಪು ಕತ್ತರಿಸುತ್ತಲೇ ಇರುವ
ಮುಖವಿಲ್ಲದ ಎರಡು ಕೈ,
ಅದು ಮುಗಿಯುವ ಮೊದಲೇ ಇನ್ನೊಂದು.
ತೆಕ್ಲೆಗೆ ಒಂಬತ್ತು ವರ್ಷ.
ಏಳರ ಮಗ್ಗಿ ನಲವತ್ತೊಂಬತ್ತರ ಹತ್ತಿರ ಕುಂಟಿ ಕೂರುತ್ತದೆ.
ಟೀಚರು ಎರಡು ಸಲ ಕರೆಸಿದರು.

ಬರೆದೆ: ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಅದರ ಮುಂದೆ ಆ ತಾಣದ ಹೆಸರು.
ಆ ಸಂಖ್ಯೆಯ ಅರ್ಥ: ಇಲ್ಲೇ. ಈ ಯಂತ್ರವೇ.
ಲೋಕಕ್ಕೆಂದು ಹೊರಟ ಹುಡುಗಿ
ತನ್ನದೇ ಬಾಗಿಲು ತಟ್ಟುತ್ತಾಳೆ,
ಒಳಗೆ ಯಾರೂ ಇಲ್ಲ.

ಅಳಲಿಲ್ಲ. ಎರಡು ಸಲ ಒತ್ತಿದಳು, ಮೂರನೆಯದಕ್ಕೆ
ನನ್ನನ್ನು ನೋಡಿದಳು.
ಖಚಾಪುರಿಯ ಮೊಟ್ಟೆ ಕಲಕದೆ ಹಾಗೇ ಆರಿತು.

ಎಂಟನೇ ದಿನ, ಇನ್ನೊಂದು ಹೆಸರು ಸೇರಿಸಲು ಕಡತ ತೆರೆದರೆ
ನನ್ನ ಸಾಲಿನ ಕೆಳಗೆ:

# ಅಪ್ಪಾ, ಈ ಗುರುತು ಹಾಕಿ ಬರೆದರೆ ಯಂತ್ರ ಓದಲ್ಲ.
# ಜುಂಬೆರ್ ಮಾಮ ಹೇಳಿದ.
# ಕಲ್ಲಂಗಡಿ ಬೇಡ ಬಿಡು.
# ಬಾರಿ ಊರಿನದು ಬೇಕು.

(ಎರಡೂ ಕಡೆಯವರಿಗೆ ಕತ್ತಿ ಮಾರುವ ಜುಂಬೆರ್!)
ಅಳಿಸಬಹುದಿತ್ತು ನನ್ನ ಸಾಲನ್ನು. ಅಳಿಸಿರಲಿಲ್ಲ.

ಬಾರಿ: ಶೊರೇನಾ ಇರುವ ಊರು, ಇಟಲಿಯ ಹಿಮ್ಮಡಿಯ ಮೇಲೆ.
ಯಾರದೋ ತಾಯಿಗೆ ಸೂಪು ಕುಡಿಸಿ, ಮಗ್ಗುಲು ಬದಲಿಸಿ,
ನಮಗೆ ದುಡ್ಡು ಕಳಿಸುತ್ತಾಳೆ.
ಈ ಬಾರಿ ಆಗಲಿಲ್ಲ, ಮುಂದಿನ ಬಾರಿ ಖಂಡಿತ ಅನ್ನುತ್ತಾಳೆ.
ಹಣೆಗೆ ಕ್ಯಾಮರಾ ಕಟ್ಟಿಕೊಂಡ ಒಬ್ಬ
ಆ ಊರಿನ ಬೀದಿಗಳಲ್ಲಿ ಮಾತಿಲ್ಲದೆ ನಡೆಯುತ್ತಾನಂತೆ,
ಗಂಟೆಗಟ್ಟಲೆ.
ಮಗಳು ಪ್ರತಿ ತಿರುವಿನಲ್ಲೂ ಅವನನ್ನು ನಿಲ್ಲಿಸಿ
ಕಂದು ಕೋಟು ಹುಡುಕುತ್ತಿದ್ದಳಂತೆ.

ಸೋಪಿನ ನಡುವೆ, ಕಲ್ಲಂಗಡಿಯ ನಡುವೆ.
ಎಲ್ಲ ಅದೇ ಆಗಿತ್ತು ಅಂತ ನಾನು ಹೇಳುವುದಿಲ್ಲ,
ಅವಳೂ ಹೇಳಲಿಲ್ಲ.

ಶನಿವಾರ ಸಂಜೆ ನನ್ನ ಸಾಲಿನ ತಲೆಗೇ
ಆ ಗುರುತು ಇಟ್ಟೆ.
ನೋಡಲು ಕಿಟಕಿಯ ಸರಳಿನ ಹಾಗೆ,
ಇಟ್ಟ ಕೂಡಲೇ ಕಿಟಕಿ ತೆರೆದುಕೊಂಡಿತು.

ಒಂದು ಗಂಟೆ ನಡೆದೆವು. ಒಣಗಲು ಹಾಕಿದ ಬಟ್ಟೆ,
ಬೀದಿಗೆ ಮೇಜು ತಂದು ಹಿಟ್ಟು ಹೊಸೆಯುವ ಹೆಂಗಸರು,
ಒಂದು ಔಷಧಿ ಅಂಗಡಿ, ಹಸಿರು ಶಿಲುಬೆ.
"ಇದೇ! ಅಮ್ಮ ಫೋನಲ್ಲಿ ಹೇಳಿದ್ದು ಇದೇ."
ಇಟಲಿಯಲ್ಲಿ ಎಲ್ಲ ಔಷಧಿ ಅಂಗಡಿಗೂ ಹಸಿರು ಶಿಲುಬೆಯಂತೆ.
ನಾನು ಹೌದೆಂದೆ.

ಕಂದು ಕೋಟು ಸಿಗಲಿಲ್ಲ.
ಗುರುತು ತೆಗೆದೆ, ಸೇವ್ ಮಾಡಿದೆ, ಕೆಳಗೆ ಬರೆದೆ:

# ಏಳೆಂಟ್ಲಿ ಎಷ್ಟು?

ಭಾನುವಾರ ಪಾಳಿ ಮುಗಿಸಿ ಬಂದು ನೋಡಿದರೆ:

# ಐವತ್ತಾರು. ಗುರುವಾರಾನೂ?